ಒಂದೇ ನೀರಿಗೆ ಎರಡು ಅಡಮಾನ: ಕ್ಲಾಮತ್ ಸರೋವರದ ಸಕ್ಕರ್ ಮೀನಿನ ಕಥೆ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದವರೆಲ್ಲ ನಯಾಗರದ ಬಗ್ಗೆ, ಡಿಸ್ನಿಲ್ಯಾಂಡಿನ ಬಗ್ಗೆ ಬರೆಯುತ್ತಾರೆ. ನಾನು ಒಂದು ಮೀನಿನ ಬಗ್ಗೆ ಬರೆಯೋಣ ಅಂತ ಕೂತಿದ್ದೇನೆ. ಅದೂ ನಾನು ಕಣ್ಣಾರೆ ನೋಡದ, ನಾಲಿಗೆಗೆ ತಾಗಿಸದ ಮೀನು! ಮಲೆನಾಡಿನವನು ಮೀನಿನ ಬಗ್ಗೆ ಮಾತಾಡುವುದರಲ್ಲಿ ವಿಶೇಷವೇನಿಲ್ಲ ಅನ್ನಿ. ಆದರೆ ಬಿ.ಕಾಂ. ಮುಗಿಸಿ ಮೂವತ್ತು ವರ್ಷ ಮುಂಬಯಿಯಲ್ಲಿ ಬ್ಯಾಂಕಿನ ಲೆಡ್ಜರ್ ತಿರುವಿದವನಿಗೆ ಜೀವಶಾಸ್ತ್ರದ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿ. ಇದು ಎಷ್ಟು ಮೀನಿನ ಕಥೆಯೋ ಅಷ್ಟೇ ಬ್ಯಾಂಕಿನ ಕಥೆಯೂ ಹೌದು.

ಮಗಳು, ಅಳಿಯ ಇರುವುದು ಆರೆಗನ್ ರಾಜ್ಯದ ಹಿಲ್ಸ್‌ಬರೋದಲ್ಲಿ. ಒಂದು ವಾರಾಂತ್ಯ ನಮ್ಮನ್ನು ಕ್ರೇಟರ್ ಲೇಕ್ ನೋಡಲು ಕರೆದುಕೊಂಡು ಹೋದರು. ಸುಮಾರು 7,700 ವರ್ಷಗಳ ಹಿಂದೆ ಮಜಾಮಾ ಎಂಬ ಅಗ್ನಿಪರ್ವತ ಸಿಡಿದು, ತಲೆ ಕುಸಿದು, ಆ ಗುಂಡಿಯಲ್ಲಿ ಮಳೆ ಮತ್ತು ಹಿಮದ ನೀರು ತುಂಬಿ ಆದ ಸರೋವರ ಅದು. ಆಳ 594 ಮೀಟರ್, ಇಡೀ ಅಮೆರಿಕದಲ್ಲೇ ಅತಿ ಆಳದ್ದು. ಅದರ ನೀಲಿಯನ್ನು ನೋಡಿ ನನ್ನಾಕೆ ಅರ್ಧ ಗಂಟೆ ಮಾತೇ ಆಡಲಿಲ್ಲ (ನಮ್ಮ ಮನೆಯಲ್ಲಿ ಇದೊಂದು ದಾಖಲೆ!). ರಾತ್ರಿ ತಂಗಿದ್ದು ದಕ್ಷಿಣಕ್ಕೆ, ಕ್ಲಾಮತ್ ಫಾಲ್ಸ್ ಎಂಬ ಊರಿನ ಮೋಟೆಲಿನಲ್ಲಿ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯರು ಕೂತಿದ್ದರು. ಆಲೂಗಡ್ಡೆ ಬೆಳೆಯುವ ರೈತರಂತೆ. ನಾನು ಹಿಂದೆ ಕೃಷಿ ಸಾಲದ ವಿಭಾಗದಲ್ಲಿದ್ದೆ ಅಂತ ಹೇಳಿದ್ದೇ ತಡ, ಅವರ ಮುಖ ಅರಳಿತು. ಮಾತಿನ ಕೊನೆಗೆ ಬೇಸರದಿಂದ ಅವರು ಹೇಳಿದ್ದು ಇಷ್ಟು: ಯಾರೂ ತಿನ್ನದ ಒಂದು ಕೆಸರು ಮೀನಿಗೋಸ್ಕರ ಸರ್ಕಾರ ನಮ್ಮ ಹೊಲಕ್ಕೆ ನೀರು ನಿಲ್ಲಿಸಿತು.

ಮೀನಿಗೋಸ್ಕರ ರೈತನಿಗೆ ನೀರು ನಿಲ್ಲಿಸುವುದೇ? ನಮ್ಮ ಕಡೆ ಹೀಗೆಂದರೆ ಯಾರಾದರೂ ನಂಬುತ್ತಾರೆಯೇ? ಆ ಪ್ರಶ್ನೆ ಡೊಂಬಿವಿಲಿಯವರೆಗೂ ನನ್ನ ಜೊತೆ ಬಂತು. ಓದುತ್ತಾ ಹೋದೆ. ಓದಿದಷ್ಟೂ ಮೀನು ದೊಡ್ಡದಾಗುತ್ತಾ ಹೋಯಿತು.

ಮೊದಲು ಮೀನಿನ ಪರಿಚಯ. ಸಕ್ಕರ್ ಅಂದಾಕ್ಷಣ ನಮ್ಮ ಕಣ್ಣೆದುರು ಬರುವುದು ಮನೆಯ ಅಕ್ವೇರಿಯಮ್ಮಿನಲ್ಲಿ ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ನೆಕ್ಕುವ ಕಪ್ಪು ಮೀನು. ಅದು ಬೇರೆ, ದಕ್ಷಿಣ ಅಮೆರಿಕದ ಮೂಲದ್ದು. ನಾನು ಹೇಳುತ್ತಿರುವ ಸಕ್ಕರ್‌ಗಳದ್ದು ಇನ್ನೊಂದೇ ಕುಟುಂಬ. ನಮ್ಮ ರೋಹು, ಕಾಟ್ಲಾಗಳಿಗೆ ದೂರದ ನೆಂಟರು. ಎಪ್ಪತ್ತಕ್ಕೂ ಹೆಚ್ಚು ಜಾತಿಗಳಿವೆ, ಬಹುತೇಕ ಎಲ್ಲವೂ ಉತ್ತರ ಅಮೆರಿಕದವು. ಚೀನಾದ ಯಾಂಗ್ಟ್ಸೆ ನದಿಯಲ್ಲಿ ಒಂದು ಜಾತಿ ಉಳಿದಿದೆ, ಇನ್ನೊಂದು ಜಾತಿ ಅಲಾಸ್ಕಾ ದಾಟಿ ಸೈಬೀರಿಯಾದವರೆಗೂ ಹಬ್ಬಿದೆ. ದವಡೆಯಲ್ಲಿ ಹಲ್ಲಿಲ್ಲ. ಗಂಟಲಿನೊಳಗೆ ಬಾಚಣಿಗೆಯಂಥ ಹಲ್ಲಿನ ಒಂದು ಸಾಲು. ಹೆಚ್ಚಿನವಕ್ಕೆ ಬಾಯಿ ಮುಖದ ಕೆಳಗಡೆ, ತುಟಿ ದಪ್ಪ, ತುಟಿಯ ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ. ತಳದ ಕೆಸರಿಗೆ ಬಾಯಿ ಚಾಚಿ ಹುಳು, ಹುಪ್ಪಟೆ, ಪಾಚಿ ಎಲ್ಲವನ್ನೂ ಹೀರಿ, ಬೇಕಾದ್ದನ್ನು ಉಳಿಸಿಕೊಂಡು ಬೇಡದ್ದನ್ನು ಉಗುಳುತ್ತವೆ. ನೋಡಲು ಅಂದವಿಲ್ಲ, ಗಾಳಕ್ಕೆ ಬಿದ್ದು ಜಗ್ಗಾಡುವ ಶೌರ್ಯವೂ ಇಲ್ಲ. ಹಾಗಾಗಿ ಬಿಳಿಯರ ಬಾಯಲ್ಲಿ ಇದು 'ಕಸದ ಮೀನು'. ಅಲ್ಲಿಯ ಆಡುಮಾತಿನಲ್ಲಿ ಸುಲಭಕ್ಕೆ ಮೋಸ ಹೋಗುವ ಪೆದ್ದನಿಗೂ ಸಕ್ಕರ್ ಅಂತಲೇ ಹೆಸರು.

ಕ್ಲಾಮತ್ ಸೀಮೆಯಲ್ಲಿ ಈ ಕುಟುಂಬದ ಎರಡು ವಿಶೇಷ ಜಾತಿಗಳಿವೆ. ಜಗತ್ತಿನ ಬೇರೆಲ್ಲೂ ಇವಿಲ್ಲ. ಒಂದು ಲಾಸ್ಟ್ ರಿವರ್ ಸಕ್ಕರ್, ಅಲ್ಲಿನ ಮೂಲನಿವಾಸಿಗಳ ಬಾಯಲ್ಲಿ ಚ್ವಾಮ್. ಇನ್ನೊಂದು ಗಿಡ್ಡ ಮೂಗಿನ ಸಕ್ಕರ್, ಅವರ ಬಾಯಲ್ಲಿ ಕೊಪ್ಟು. ಚ್ವಾಮ್ ಬೆಳೆದರೆ ಹೆಚ್ಚು ಕಡಿಮೆ ಮೂರು ಅಡಿ. ಕೊಪ್ಟು ಅದಕ್ಕಿಂತ ಚಿಕ್ಕದು, ಅದರ ಬಾಯಿ ಮುಂದಕ್ಕೆ ಇರುವುದರಿಂದ ತಳಕ್ಕಿಂತ ಹೆಚ್ಚಾಗಿ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತದೆ. ಎರಡನ್ನೂ 1879ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವನು ಎಡ್ವರ್ಡ್ ಡ್ರಿಂಕರ್ ಕೋಪ್. ಡೈನೋಸಾರ್ ಮೂಳೆಗಳಿಗಾಗಿ ಇನ್ನೊಬ್ಬ ವಿಜ್ಞಾನಿಯ ಜೊತೆ ಜೀವಮಾನವಿಡೀ ಜಗಳಾಡಿ ಆಸ್ತಿ ಕರಗಿಸಿಕೊಂಡನಲ್ಲ, ಅದೇ ಕೋಪ್.

ನನ್ನ ಗಮನ ಸೆಳೆದದ್ದು ಇವುಗಳ ಆಯಸ್ಸು. ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಮೂಡುವ ಹಾಗೆ ಮೀನಿನ ಕಿವಿರಿನ ಮುಚ್ಚಳದ ಮೂಳೆಯಲ್ಲೂ ಗೆರೆ ಮೂಡುತ್ತದೆ. ಹಾಗೆ ಎಣಿಸಿದಾಗ ಒಂದು ಚ್ವಾಮ್‌ಗೆ 57 ವರ್ಷ, ಒಂದು ಕೊಪ್ಟುಗೆ 33 ವರ್ಷ ಸಿಕ್ಕಿದೆ. ನನಗಿಂತ ಹಿರಿಯ ಮೀನು! (ಇದೇ ಕುಟುಂಬದ ಬಿಗ್‌ಮೌತ್ ಬಫಲೋ ಎಂಬ ಮೀನು 112 ವರ್ಷ ಬದುಕಿದ್ದು 2019ರಲ್ಲಿ ಪ್ರಕಟವಾದ ಅಧ್ಯಯನದಿಂದ ಗೊತ್ತಾಯಿತು.) ಚ್ವಾಮ್ ಪ್ರಾಯಕ್ಕೆ ಬರುವುದಕ್ಕೇ ಎಂಟೊಂಬತ್ತು ವರ್ಷ ಬೇಕು. ಹಿಮ ಕರಗುವ ಮಾರ್ಚ್‌ನಿಂದ ಮೇ ತನಕ ಸರೋವರ ಬಿಟ್ಟು ವಿಲಿಯಮ್ಸನ್, ಸ್ಪ್ರೇಗ್ ನದಿಗಳನ್ನು ಹತ್ತಿ, ಜಲ್ಲಿಕಲ್ಲಿನ ಮೇಲೆ ಮೊಟ್ಟೆ ಚೆಲ್ಲಿ ವಾಪಸ್ ಬರುತ್ತದೆ. ಕೆಲವು ನದಿಗೆ ಹೋಗದೆ ಸರೋವರದ ಪೂರ್ವದ ಅಂಚಿನ ಬುಗ್ಗೆಗಳಲ್ಲೇ ಮೊಟ್ಟೆ ಇಡುತ್ತವೆ. ಒಂದು ದೊಡ್ಡ ಹೆಣ್ಣು ಒಂದು ಸಲಕ್ಕೆ ಲಕ್ಷಕ್ಕೂ ಮೇಲೆ ಮೊಟ್ಟೆ ಇಡಬಲ್ಲದು. ಸಾಲ್ಮನ್ ಹಾಗೆ ಒಮ್ಮೆ ಮೊಟ್ಟೆ ಇಟ್ಟು ಸಾಯುವ ಜಾತಿಯಲ್ಲ. ಮುಂದಿನ ವರ್ಷ ಮತ್ತೆ ಹತ್ತುತ್ತದೆ, ಅದರ ಮುಂದಿನ ವರ್ಷ ಮತ್ತೆ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮೂರಿನ ಹತ್ತುಮೀನು. ತೀರ್ಥಹಳ್ಳಿ ಕಡೆಯವರಿಗೆ, ಸಾಗರ, ಹೊಸನಗರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿನ ಮೊದಲ ನೆರೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡಲು ಹತ್ತಿ ಬರುವ ಮೀನು. ರಾತ್ರಿ ಟಾರ್ಚು, ಕತ್ತಿ, ಕೂಣಿ ಹಿಡಿದು ಅಪ್ಪನ ಹಿಂದೆ ಮಳೆಯಲ್ಲಿ ಓಡಿದ್ದು, ಬೆಳಿಗ್ಗೆ ಅವ್ವ ಮೊಟ್ಟೆ ತುಂಬಿದ ಮೀನಿನ ಸಾರು ಮಾಡಿದ್ದು... ಡೊಂಬಿವಿಲಿಯ ಮಳೆಯಲ್ಲಿ ನೆನೆದಾಗಲೂ ಒಮ್ಮೊಮ್ಮೆ ಆ ವಾಸನೆ ಬರುತ್ತದೆ. ಇರಲಿ. ನಾನು ಹೇಳಹೊರಟದ್ದು, ನದಿ ಹತ್ತುವ ಮೀನಿಗಾಗಿ ದಡದಲ್ಲಿ ಕಾದು ನಿಂತವರ ಮನಸ್ಸು ನಮಗೂ ಸ್ವಲ್ಪ ಗೊತ್ತು ಅಂತ.

ಕ್ಲಾಮತ್, ಮೋಡಾಕ್, ಯಾಹೂಸ್ಕಿನ್ ಎಂಬ ಮೂರು ಬುಡಕಟ್ಟುಗಳು ಆ ಸೀಮೆಯ ಮೂಲದವರು. ಮಜಾಮಾ ಸಿಡಿದದ್ದರ ನೆನಪು ಅವರ ಕಥೆಗಳಲ್ಲಿ ಇನ್ನೂ ಇದೆ. ಅದೇ ಬೂದಿಯ ಪದರದ ಕೆಳಗೆ, ಫೋರ್ಟ್ ರಾಕ್ ಎಂಬಲ್ಲಿನ ಗುಹೆಯಲ್ಲಿ, 1938ರಲ್ಲಿ ನಾರಿನಿಂದ ಹೆಣೆದ ಚಪ್ಪಲಿಗಳು ಸಿಕ್ಕವು. ಒಂಬತ್ತು ಸಾವಿರ ವರ್ಷಕ್ಕೂ ಹಳೆಯವು. ಅಂದರೆ ಆ ಸೀಮೆಯಲ್ಲಿ ಜನ ಅಷ್ಟು ಹಿಂದಿನಿಂದ ಇದ್ದಾರೆ. ಅಲ್ಲಿ ಚಳಿಗಾಲ ಉದ್ದ. ಫೆಬ್ರವರಿ ಮುಗಿಯುವ ಹೊತ್ತಿಗೆ ಒಣಗಿಸಿಟ್ಟ ಮಾಂಸ, ಜೌಗಿನಿಂದ ತಂದು ಕೂಡಿಟ್ಟ ಹಳದಿ ನೈದಿಲೆಯ ಬೀಜ ಎಲ್ಲ ತಳ ಕಾಣುತ್ತಿತ್ತು. ಸರಿಯಾಗಿ ಆಗಲೇ, ಹಿಮ ಇನ್ನೂ ಬೀಳುತ್ತಿರುವಾಗಲೇ, ಚ್ವಾಮ್ ನದಿ ಹತ್ತುತ್ತಿತ್ತು. ಹಸಿವಿನ ತಿಂಗಳಲ್ಲಿ ಬಂದು ಜೀವ ಉಳಿಸಿದ ಮೀನು. ಅದಕ್ಕಾಗಿಯೇ ಪ್ರತಿ ಮಾರ್ಚ್‌ನಲ್ಲಿ ಅದನ್ನು ಸ್ವಾಗತಿಸುವ ಪೂಜೆ ಇಂದಿಗೂ ನಡೆಯುತ್ತದೆ. ಈ ಮೀನು ಇರುವಷ್ಟು ದಿನ ಮಾತ್ರ ನಾವು ಇರುತ್ತೇವೆ ಎಂಬುದು ಅವರ ನಂಬಿಕೆ.

ಈಗ ಬ್ಯಾಂಕಿನ ಭಾಗಕ್ಕೆ ಬರೋಣ.

1864ರ ಅಕ್ಟೋಬರ್ 14ರಂದು ಈ ಮೂರು ಬುಡಕಟ್ಟುಗಳು ಅಮೆರಿಕ ಸರ್ಕಾರದೊಂದಿಗೆ ಒಂದು ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿದವು. ಎರಡು ಕೋಟಿ ಎಕರೆಗೂ ಹೆಚ್ಚು ನೆಲ ಬಿಟ್ಟುಕೊಟ್ಟವು. ಉಳಿಸಿಕೊಂಡ ಮೀಸಲು ಪ್ರದೇಶದೊಳಗಿನ ಹೊಳೆ, ಸರೋವರಗಳಲ್ಲಿ ಮೀನು ಹಿಡಿಯುವ ಹಕ್ಕು ಮಾತ್ರ ತಮಗೊಬ್ಬರಿಗೇ ಅಂತ ಬರೆಸಿಕೊಂಡವು. ಆ ಷರತ್ತನ್ನು ನೆನಪಿಟ್ಟುಕೊಳ್ಳಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಮೊದಲ ಅಡಮಾನ, ಅಂದರೆ ಫಸ್ಟ್ ಚಾರ್ಜ್.

ಒಪ್ಪಂದ ಎಲ್ಲರಿಗೂ ಒಗ್ಗಲಿಲ್ಲ. ಮೋಡಾಕರ ಒಂದು ಗುಂಪು ಮೀಸಲು ಪ್ರದೇಶ ಬಿಟ್ಟು ತಮ್ಮ ಹಳೆಯ ಊರಾದ ಲಾಸ್ಟ್ ರಿವರ್ ದಂಡೆಗೆ ವಾಪಸ್ ಬಂತು. ಈ ನದಿ ಸಮುದ್ರಕ್ಕೆ ಹೋಗುವುದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ, ಆರೆಗನ್ನಿಗೆ ಬಂದು, ಮತ್ತೆ ಕ್ಯಾಲಿಫೋರ್ನಿಯಾಕ್ಕೆ ತಿರುಗಿ ಟ್ಯೂಲಿ ಸರೋವರದಲ್ಲಿ ಮುಗಿದುಹೋಗುತ್ತದೆ. ಸಕ್ಕರ್ ಮೀನು ರಾಶಿರಾಶಿಯಾಗಿ ಹತ್ತುತ್ತಿದ್ದ ಜಾಗ. 1872ರ ನವೆಂಬರ್ 29ರಂದು ಸೈನ್ಯ ಅವರನ್ನು ಎಬ್ಬಿಸಲು ಬಂತು, ಗುಂಡು ಹಾರಿತು. ಐವತ್ತು ಚಿಲ್ಲರೆ ಹೋರಾಟಗಾರರು ಹೆಂಡತಿ ಮಕ್ಕಳೊಂದಿಗೆ ಲಾವಾ ಬಂಡೆಗಳ ನಡುವೆ ಅಡಗಿ ನೂರಾರು ಸೈನಿಕರನ್ನು ತಿಂಗಳುಗಟ್ಟಲೆ ತಡೆದರು. ಮಾತುಕತೆಗೆ ಬಂದ ಜನರಲ್ ಕ್ಯಾನ್ಬಿಯನ್ನು ಕೊಂದರು. ಕೊನೆಗೆ ಅವರ ನಾಯಕ ಕಿಂಟ್‌ಪುವಾಷ್, ಬಿಳಿಯರ ಬಾಯಲ್ಲಿ ಕ್ಯಾಪ್ಟನ್ ಜ್ಯಾಕ್, 1873ರ ಅಕ್ಟೋಬರ್ 3ರಂದು ನೇಣಿಗೇರಿದ.

ಆಮೇಲೆ ಆ ದಂಡೆಗೆ ಬಂದವರು ರೈತರು. ಬಂದ ಹೊಸತರಲ್ಲಿ ಅವರೂ ಈ ಮೀನನ್ನು ಹಿಡಿದರು, ತಿಂದರು, ಹಂದಿಗೆ ಹಾಕಿದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಲಾಸ್ಟ್ ರಿವರ್ ದಂಡೆಯಲ್ಲಿ ಇದನ್ನು ಡಬ್ಬಿಗೆ ತುಂಬುವ ಕಾರ್ಖಾನೆಯೂ ಇತ್ತು.

1902ರಲ್ಲಿ ಅಮೆರಿಕ ಒಣ ನೆಲಕ್ಕೆ ನೀರುಣಿಸುವ ಕಾನೂನು ಮಾಡಿತು. 1905ರಲ್ಲಿ ಕ್ಲಾಮತ್ ನೀರಾವರಿ ಯೋಜನೆಗೆ ಮಂಜೂರಾತಿ ಸಿಕ್ಕಿತು. 1907ಕ್ಕೆ 'ಎ' ಕಾಲುವೆಯಲ್ಲಿ ನೀರು ಹರಿಯಿತು. ಟ್ಯೂಲಿ ಸರೋವರ ಮತ್ತು ಲೋವರ್ ಕ್ಲಾಮತ್ ಸರೋವರಗಳನ್ನು ಬಹುಪಾಲು ಬತ್ತಿಸಿ ತಳದ ಕಪ್ಪು ಮಣ್ಣನ್ನು ಹೊಲ ಮಾಡಿದರು. 1921ಕ್ಕೆ ಮೇಲಿನ ಕ್ಲಾಮತ್ ಸರೋವರದ ಬಾಯಿಗೆ ಲಿಂಕ್ ರಿವರ್ ಅಣೆಕಟ್ಟು ಬಂತು. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಆ ಭೂಮಿ ಹಂಚಿದರು. ಎರಡನೇ ಯುದ್ಧದ ನಂತರ, 1946ರಲ್ಲಿ, ಉಪ್ಪಿನಕಾಯಿ ಹಾಕಿಡುವ ಗಾಜಿನ ಭರಣಿಯೊಳಗೆ ಅರ್ಜಿದಾರರ ಹೆಸರಿನ ಚೀಟಿ ಹಾಕಿ ಲಾಟರಿ ಎತ್ತಿದರಂತೆ. ಹೆಸರು ಬಂದವರಿಗೆ ಜಮೀನು, ಜೊತೆಗೆ ಮನೆ ಕಟ್ಟಿಕೊಳ್ಳಲು ಹತ್ತಿರದ ಟ್ಯೂಲಿ ಲೇಕ್ ಶಿಬಿರದ ಬರಾಕುಗಳ ಭಾಗ. ಯುದ್ಧಕಾಲದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ್ದ ಶಿಬಿರ ಅದು.

ಈ ರೈತರು ಯಾರನ್ನೂ ದೋಚಿ ಬಂದವರಲ್ಲ. ದೇಶಕ್ಕಾಗಿ ಗುಂಡಿಗೆ ಎದೆಯೊಡ್ಡಿ ಬಂದವರು. ಸರ್ಕಾರವೇ ಕರೆದು ಭೂಮಿ ಕೊಟ್ಟಿತು, ನೀರು ಕೊಡುತ್ತೇನೆ ಎಂದಿತು. ಇದು ಎರಡನೇ ಅಡಮಾನ. ಬ್ಯಾಂಕಿನಲ್ಲಿ ಒಂದೇ ಆಸ್ತಿಯ ಮೇಲೆ ಇಬ್ಬರಿಗೆ ಕಾಗದ ಮಾಡಿಕೊಟ್ಟವನಿಗೆ ಏನಂತೀವಿ ಅಂತ ನಿಮಗೆ ಗೊತ್ತು. ಮಳೆ ಚೆನ್ನಾಗಿರುವ ತನಕ ಯಾರಿಗೂ ಗೊತ್ತಾಗಲಿಲ್ಲ ಅಷ್ಟೇ. ಒಳ್ಳೆಯ ಕಾಲದಲ್ಲಿ ಎಲ್ಲ ಸಾಲವೂ ಒಳ್ಳೆಯ ಸಾಲವೇ!

ಇಷ್ಟರಲ್ಲಿ ಮೊದಲ ಅಡಮಾನದಾರರನ್ನೇ ಇಲ್ಲವಾಗಿಸುವ ಪ್ರಯತ್ನ ಒಂದು ನಡೆಯಿತು. ಕ್ಲಾಮತ್ ಜನರ ಮೀಸಲು ಪ್ರದೇಶದಲ್ಲಿ ಪಾಂಡೆರೋಸಾ ಪೈನ್ ಮರಗಳ ದೊಡ್ಡ ಕಾಡಿತ್ತು. ಆ ಮರ ಮಾರಿ ಅವರು ಅಮೆರಿಕದ ಅನುಕೂಲಸ್ಥ ಬುಡಕಟ್ಟುಗಳಲ್ಲಿ ಒಂದಾಗಿದ್ದರು. 1954ರಲ್ಲಿ ಸಂಸತ್ತು ಒಂದು ಕಾನೂನು ಮಾಡಿ, ನೀವಿನ್ನು ಬುಡಕಟ್ಟೇ ಅಲ್ಲ, ಎಲ್ಲರಂತೆ ಪ್ರಜೆಗಳು, ನಿಮಗೆ ಸರ್ಕಾರದ ವಿಶೇಷ ಸಂಬಂಧ ಬೇಡ ಎಂದಿತು. 1958ರಲ್ಲಿ ಮತ ಹಾಕಿಸಿದಾಗ ನಾಲ್ಕರಲ್ಲಿ ಮೂರು ಪಾಲು ಜನ ತಮ್ಮ ಭಾಗ ತೆಗೆದುಕೊಂಡು ಹೊರಬರಲು ಒಪ್ಪಿದರು. ತಲೆಗೆ ಸುಮಾರು 43 ಸಾವಿರ ಡಾಲರ್. 1961ಕ್ಕೆ ಎಲ್ಲ ಮುಗಿಯಿತು. ಕಾಡಿನ ದೊಡ್ಡ ಭಾಗ ವಿನೀಮಾ ರಾಷ್ಟ್ರೀಯ ಅರಣ್ಯವಾಯಿತು. ಹಣ ಬೇಡ, ನೆಲವೇ ಇರಲಿ ಎಂದ ಉಳಿದವರ ಪಾಲನ್ನು ಪೋರ್ಟ್‌ಲ್ಯಾಂಡಿನ ಒಂದು ಬ್ಯಾಂಕು ಟ್ರಸ್ಟಿಯಾಗಿ ನೋಡಿಕೊಂಡಿತು. 1970ರ ದಶಕದಲ್ಲಿ ಆ ನೆಲವೂ ಸರ್ಕಾರದ ಕಾಡಿಗೆ ಸೇರಿತು.

ನನ್ನ ಅಜ್ಜಿಯ ತವರು ಶರಾವತಿ ದಂಡೆಯದು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಮುಳುಗಿತು. ಪರಿಹಾರದ ಹಣ ಎಷ್ಟು ಬಂತು, ಯಾವ ಮದುವೆಗೆ, ಯಾವ ಕಾಯಿಲೆಗೆ ಖರ್ಚಾಯಿತು ಎಂಬುದನ್ನು ಅಜ್ಜಿ ಬೆರಳು ಮಡಚಿ ಲೆಕ್ಕ ಹೇಳುತ್ತಿದ್ದರು. ಲೆಕ್ಕ ಬಹಳ ಬೇಗ ಮುಗಿಯುತ್ತಿತ್ತು. 43 ಸಾವಿರ ಡಾಲರ್ ಓದಿದಾಗ ಆ ಬೆರಳುಗಳು ಕಣ್ಣಿಗೆ ಬಂದವು.

ಆದರೆ ಕಾಡು ಹೋದರೂ ಒಂದು ಹಕ್ಕು ಉಳಿದಿತ್ತು. 1864ರ ಆ ಷರತ್ತು! ಬುಡಕಟ್ಟಿನ ಮಾನ್ಯತೆ ತೆಗೆದ ಕಾನೂನಿನಲ್ಲೇ, ಒಪ್ಪಂದದ ಮೀನುಗಾರಿಕೆ ಹಕ್ಕಿಗೆ ಧಕ್ಕೆ ಇಲ್ಲ ಅಂತ ಒಂದು ಸಾಲು ಇತ್ತು. ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋದರು. 1983ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿದ್ದು: ಮೀನು ಹಿಡಿಯುವ ಹಕ್ಕು ಅಂದರೆ ಮೀನು ಬದುಕುವಷ್ಟು ನೀರಿನ ಹಕ್ಕೂ ಹೌದು, ಆ ಹಕ್ಕಿನ ತಾರೀಖು 1864 ಕೂಡ ಅಲ್ಲ, ನೆನಪಿಗೂ ನಿಲುಕದ ಕಾಲದಿಂದ. ಪಶ್ಚಿಮ ಅಮೆರಿಕದಲ್ಲಿ ಮೊದಲು ಬಂದವನಿಗೆ ಮೊದಲು ನೀರು ಎಂಬ ನಿಯಮ. ಹಾಗಾಗಿ 1905ರ ರೈತರು ಹಿಂದೆ ಸರಿದರು, ಮೀನು ಮುಂದೆ ಬಂತು. 1986ರಲ್ಲಿ ಬುಡಕಟ್ಟಿನ ಮಾನ್ಯತೆಯೂ ಮರಳಿತು. ನೆಲ ಮಾತ್ರ ಮರಳಲಿಲ್ಲ.

ಅದೇ 1986ರಲ್ಲಿ ಕ್ಲಾಮತ್ ಜನ ಇನ್ನೊಂದು ನಿರ್ಧಾರ ಮಾಡಿದರು. ಮೀನು ಕಡಿಮೆಯಾಗುತ್ತಿರುವುದನ್ನು ಕಂಡು ತಾವೇ ಹಿಡಿಯುವುದನ್ನು ನಿಲ್ಲಿಸಿದರು. ಕೋರ್ಟಿನಲ್ಲಿ ಗೆದ್ದ ಹಕ್ಕನ್ನು ಮೂರೇ ವರ್ಷದಲ್ಲಿ ತಾವಾಗಿಯೇ ಮಡಚಿಟ್ಟರು. ರಾಜ್ಯ ಸರ್ಕಾರ ನಿಲ್ಲಿಸಿದ್ದು ಮರುವರ್ಷ. 1988ರಲ್ಲಿ ಚ್ವಾಮ್, ಕೊಪ್ಟು ಎರಡೂ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿದವು. ಒಂದು ಕಾಲಕ್ಕೆ ಟನ್ನುಗಟ್ಟಲೆ ಒಣಗಿಸಿಡುತ್ತಿದ್ದ ಮೀನಿನಲ್ಲಿ ಆಮೇಲೆ ಅವರಿಗೆ ಉಳಿದದ್ದು ಪೂಜೆಗಾಗಿ ವರ್ಷಕ್ಕೆ ಎರಡು. ಹೌದು, ಎರಡೇ ಮೀನು.

2001ರಲ್ಲಿ ದೊಡ್ಡ ಬರ ಬಂತು. ಮೋಟೆಲಿನ ಹಿರಿಯರು ಹೇಳಿದ್ದು ಆ ವರ್ಷದ ಮಾತು. ಸರೋವರದ ಸಕ್ಕರ್, ಕೆಳಗಿನ ನದಿಯ ಕೋಹೋ ಸಾಲ್ಮನ್ ಎರಡಕ್ಕೂ ನೀರು ಉಳಿಸಬೇಕು ಅಂತ ಏಪ್ರಿಲ್‌ನಲ್ಲಿ ಸರ್ಕಾರ ಹೆಚ್ಚಿನ ರೈತರಿಗೆ ಕಾಲುವೆ ನೀರು ಇಲ್ಲ ಎಂದಿತು. ಸಾವಿರಕ್ಕೂ ಹೆಚ್ಚು ಕುಟುಂಬಗಳು ಬಿತ್ತನೆಯ ಹೊತ್ತಿಗೆ ಕೈ ಕಟ್ಟಿ ಕೂತವು. ಮೇ 7ರಂದು ಸಾವಿರಾರು ಜನ ಊರಿನ ಬೀದಿಯುದ್ದಕ್ಕೂ ಸಾಲಾಗಿ ನಿಂತು, ಕೈಯಿಂದ ಕೈಗೆ ಬಕೆಟ್ ದಾಟಿಸಿ, ಕಾಲುವೆಗೆ ನೀರು ಸುರಿದು ಪ್ರತಿಭಟಿಸಿದರು. ಜುಲೈನಲ್ಲಿ ಕಾಲುವೆಯ ಬಾಗಿಲನ್ನೇ ಬಲವಂತವಾಗಿ ತೆರೆದರು. ಮರುವರ್ಷ ಸರ್ಕಾರ ರೈತರಿಗೆ ನೀರು ಬಿಟ್ಟಿತು. 2002ರ ಸೆಪ್ಟೆಂಬರ್‌ನಲ್ಲಿ ಕೆಳಗಿನ ಕ್ಲಾಮತ್ ನದಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಸಾಲ್ಮನ್ ಸತ್ತು ತೇಲಿದವು.

ರೈತರು ಪರಿಹಾರ ಕೇಳಿ ಕೋರ್ಟಿಗೆ ಹೋದರು. 2017ರಲ್ಲಿ ಸೋತರು, 2019ರಲ್ಲಿ ಮೇಲ್ಮನವಿಯಲ್ಲೂ ಸೋತರು. ಕಾರಣ ಸರಳ: ಬುಡಕಟ್ಟುಗಳ ಹಕ್ಕು ನಿಮ್ಮದಕ್ಕಿಂತ ಹಳೆಯದು, ಅದು ತೀರಿದ ಮೇಲೆ ನಿಮಗೆ ಉಳಿದಿರಲೇ ಇಲ್ಲ. ತೀರ್ಪು ನ್ಯಾಯವಾದದ್ದೇ. ಆದರೆ ಸಾಲ ವಸೂಲಿಗೆ ಅಂತ ಸೊಲ್ಲಾಪುರ ಕಡೆಯ ಹಳ್ಳಿಗಳಲ್ಲಿ ಒಣಗಿದ ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತವನು ನಾನು. ಕಾಗದ ಸರಿ ಇದ್ದ ಮಾತ್ರಕ್ಕೆ ಎದುರಿಗಿದ್ದ ರೈತನ ಮುಖ ನೋಡುವುದು ಸುಲಭವಾಗುವುದಿಲ್ಲ. ಹಾಗಾಗಿ ಮೋಟೆಲಿನ ಹಿರಿಯರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಸಿಟ್ಟು ತಿರುಗಬೇಕಾದದ್ದು ಎರಡು ಕಾಗದ ಬರೆದುಕೊಟ್ಟವನ ಕಡೆಗೆ, ಮೀನಿನ ಕಡೆಗಲ್ಲ ಅಂತ ಮಾತ್ರ ಅನ್ನಿಸಿತು.

ಹಾಗಾದರೆ ಮೀನು ಗೆದ್ದಿತೇ? ಇಲ್ಲಿಯೇ ಇರುವುದು ನನ್ನ ನಿದ್ದೆ ಕೆಡಿಸಿದ ಸಂಗತಿ.

ವಿಜ್ಞಾನಿಗಳು ಈ ಮೀನುಗಳ ಮೈಯೊಳಗೆ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಇಟ್ಟು ನದಿಗೆ ಬಿಡುತ್ತಾರೆ. ಪ್ರತಿ ವಸಂತದಲ್ಲಿ ಅವು ನದಿ ಹತ್ತುವಾಗ ಆಂಟೆನಾ ಗುರುತು ಹಿಡಿಯುತ್ತದೆ (ಮೀನಿಗೂ ಕೆವೈಸಿ!). ಎರಡು ದಶಕಕ್ಕೂ ಹೆಚ್ಚು ಕಾಲ ನಡೆದ ಈ ಲೆಕ್ಕದಲ್ಲಿ ಕಂಡದ್ದು, ಮೇಲಿನ ಕ್ಲಾಮತ್ ಸರೋವರದಲ್ಲಿ ಹತ್ತಿ ಬರುವುದು ಹಳೆಯ ಮೀನುಗಳೇ. ಪ್ರತಿ ವರ್ಷ ಮೊಟ್ಟೆ ಇಡುತ್ತವೆ, ಮರಿ ಲಕ್ಷಗಟ್ಟಲೆ ಹೊರಬರುತ್ತವೆ, ರಾತ್ರಿ ಹೊತ್ತು ನದಿಯಲ್ಲಿ ತೇಲಿಕೊಂಡು ಸರೋವರ ಸೇರುತ್ತವೆ. ಆಮೇಲೆ ಒಂದೆರಡು ವರ್ಷದೊಳಗೆ ಕಾಣೆ. 1990ರ ದಶಕದ ಆರಂಭದಲ್ಲಿ ಹುಟ್ಟಿದ ಮರಿಗಳ ನಂತರ, ಹೇಳಿಕೊಳ್ಳುವಂಥ ಸಂಖ್ಯೆಯಲ್ಲಿ ಯಾವ ವರ್ಷದ ಮರಿಯೂ ಪ್ರಾಯಕ್ಕೆ ಬಂದಿಲ್ಲ. ಶಾಖೆಯಲ್ಲಿ ಹಳೆಯ ಖಾತೆದಾರರು ಮಾತ್ರ, ಹೊಸ ಖಾತೆ ಒಂದೂ ಇಲ್ಲ. ಬ್ಯಾಲೆನ್ಸ್ ನೋಡಿದರೆ ಇನ್ನೂ ಸಾವಿರಗಟ್ಟಲೆ ಕಾಣುತ್ತದೆ. ಆದರೆ ಪ್ರತಿ ವರ್ಷ ಬರೀ ವಿತ್‌ಡ್ರಾವಲ್. ಚಿಪ್ ಲೆಕ್ಕ ಶುರುವಾದಂದಿನಿಂದ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದಿದೆ.

ಕಾರಣ ಖಚಿತವಾಗಿ ತೀರ್ಮಾನವಾಗಿಲ್ಲ, ಆದರೆ ಮುಖ್ಯ ಶಂಕೆ ಇರುವುದು ನೀರಿನ ಗುಣದ ಮೇಲೆ. ಅಗ್ನಿಪರ್ವತದ ಮಣ್ಣಿನಲ್ಲಿ ರಂಜಕ ಮೊದಲೇ ಜಾಸ್ತಿ. ಹಿಂದೆ ಸರೋವರದ ಸುತ್ತ ಹತ್ತಾರು ಸಾವಿರ ಎಕರೆ ಜೌಗು ಇತ್ತು, ಅದು ಜರಡಿಯ ಕೆಲಸ ಮಾಡುತ್ತಿತ್ತು. ಆಪಿನ ನಡುವೆ ಮರಿಗಳು ಅಡಗಿ ಬೆಳೆಯುತ್ತಿದ್ದವು. ಜೌಗಿಗೆ ಏರಿ ಕಟ್ಟಿ, ನೀರು ಬಸಿದು ಹುಲ್ಲುಗಾವಲು ಮಾಡಿದರು. ಒಣಗಿದ ಮಣ್ಣು ಕುಸಿದು ಕೂಡಿಟ್ಟ ರಂಜಕವನ್ನೆಲ್ಲ ಸರೋವರಕ್ಕೆ ಬಿಟ್ಟಿತು, ದನಗಳು ನದಿದಡ ತುಳಿದು ಇನ್ನಷ್ಟು ಸೇರಿಸಿದವು. ಈಗ ಬೇಸಿಗೆಯಲ್ಲಿ ಸರೋವರ ಹಸಿರು ಬಣ್ಣ ಕಲಸಿದಂತಾಗುತ್ತದೆ. ಪಾಚಿ ಬೆಳೆಯುವಾಗ ನೀರು ಕ್ಷಾರವಾಗುತ್ತದೆ, ಸಾಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. 1995, 1996, 1997 ಮೂರೂ ವರ್ಷ ದೊಡ್ಡ ಮೀನುಗಳೇ ರಾಶಿ ರಾಶಿ ಸತ್ತವು. ಮರಿಗಳ ಗತಿ ಕೇಳಬೇಕೇ? ಇದೇ ಸರೋವರದ ಪಾಚಿಯನ್ನು ಸೋಸಿ ಒಣಗಿಸಿ 1980ರ ದಶಕದಿಂದ ಆರೋಗ್ಯದ ಮಾತ್ರೆ ಅಂತ ಮಾರಿದ್ದಾರೆ ಅಂತ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈ ಮೀನಿನ ಸ್ವಭಾವವೇ ಕಾಯುವುದು. ಹತ್ತು ವರ್ಷ ಕೆಟ್ಟರೂ ಹನ್ನೊಂದನೇ ವರ್ಷ ಒಳ್ಳೆಯದಾದರೆ ಸಾಕು, ಒಂದು ಪೀಳಿಗೆ ಎದ್ದು ನಿಲ್ಲುತ್ತದೆ. ಬರ, ನೆರೆ ಎಲ್ಲವನ್ನೂ ಹಾಗೆ ದಾಟಿ ಬಂದ ಜಾತಿ. 1954ರಲ್ಲಿ, ಬುಡಕಟ್ಟನ್ನು ಇಲ್ಲವಾಗಿಸಿದ ವರ್ಷ ಹುಟ್ಟಿದ ಒಂದು ಚ್ವಾಮ್, 57 ವರ್ಷ ಬದುಕಿದ್ದರೆ, 1983ರ ತೀರ್ಪನ್ನೂ ದಾಟಿ, 2001ರ ಬಕೆಟ್ ಸಾಲನ್ನೂ ದಾಟಿ 2011ರ ತನಕ ಇರುತ್ತಿತ್ತು. ಮನುಷ್ಯರ ಒಂದು ವ್ಯಾಜ್ಯ ಮುಗಿಯುವ ತನಕ ಬದುಕಬಲ್ಲ ಮೀನು ಇನ್ನೆಲ್ಲಿದೆ! ಆದರೆ ಆ ಹಳೆಯವೂ ಎಷ್ಟು ದಿನ ಕಾದಾವು?

ಪ್ರಯತ್ನ ನಡೆದಿಲ್ಲ ಅಂತಲ್ಲ. ಸ್ಪ್ರೇಗ್ ನದಿಗೆ 1910ರ ದಶಕದಲ್ಲಿ ಕಟ್ಟಿದ್ದ ಚಿಲೊಕ್ವಿನ್ ಅಣೆಕಟ್ಟು ಮೀನಿನ ದಾರಿಗೆ ಅಡ್ಡವಾಗಿತ್ತು, 2008ರಲ್ಲಿ ಅದನ್ನು ಕೆಡವಿದರು. ಆಗತಾನೇ ಹುಟ್ಟಿದ ಮರಿಗಳನ್ನು ಸೋಸಿ ತಂದು, ಕೊಳಗಳಲ್ಲಿ ಒಂದೆರಡು ವರ್ಷ ಸಾಕಿ, ದೊಡ್ಡದು ಮಾಡಿ 2018ರಿಂದ ಸರೋವರಕ್ಕೆ ಬಿಡುತ್ತಿದ್ದಾರೆ. ಕ್ಲಾಮತ್ ಜನರದ್ದೇ ಒಂದು ಮರಿ ಸಾಕಣೆ ಕೇಂದ್ರವೂ ಇದೆ. 2024ರ ಫೆಬ್ರವರಿಯಲ್ಲಿ, ಅಷ್ಟು ವರ್ಷ ಕೋರ್ಟಿನಲ್ಲಿ ಎದುರುಬದುರು ನಿಂತಿದ್ದ ಬುಡಕಟ್ಟುಗಳೂ ರೈತರ ಸಂಘವೂ ಸರ್ಕಾರದ ಜೊತೆ ಕೂತು, ಸರೋವರ ಮತ್ತು ನದಿಯನ್ನು ಸರಿಪಡಿಸುವ ಕೆಲಸದಲ್ಲಿ ಕೈಜೋಡಿಸುವ ಕಾಗದಕ್ಕೆ ಸಹಿ ಹಾಕಿದರು. ಅದೇ ವರ್ಷದ ಕೊನೆಗೆ ಸರೋವರದ ಉತ್ತರ ತುದಿಯ ಹಳೆಯ ಏರಿಗಳನ್ನು ಒಡೆದು ಸುಮಾರು 14 ಸಾವಿರ ಎಕರೆ ನೆಲವನ್ನು ಮತ್ತೆ ಜೌಗಾಗಲು ಬಿಟ್ಟರು.

ನನಗೆ ಬಹಳ ಸರಿ ಅನ್ನಿಸಿದ್ದು ಇದು. ಮೊದಲ ಚಾರ್ಜ್ ಯಾರದ್ದು, ಎರಡನೆಯದು ಯಾರದ್ದು ಅಂತ ನೂರು ವರ್ಷ ಜಗಳವಾಡಬಹುದು, ಕೋರ್ಟು ತೀರ್ಮಾನವನ್ನೂ ಕೊಡಬಹುದು. ಆದರೆ ಅಡಮಾನ ಇಟ್ಟ ಆಸ್ತಿಯೇ ಕೊಳೆತುಹೋದರೆ ಗೆದ್ದವನ ಕೈಗೂ ಏನೂ ಸಿಗುವುದಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಕಂಡ ಕೆಟ್ಟ ಸಾಲಗಳಲ್ಲೆಲ್ಲ ಇದೇ ಕಥೆ. ಕಾಗದ ಪತ್ರ ನೀಟಾಗಿರುತ್ತಿತ್ತು, ಮೆಷಿನ್ನು ತುಕ್ಕು ಹಿಡಿದಿರುತ್ತಿತ್ತು. ಕ್ಲಾಮತ್‌ನಲ್ಲಿ ಈಗ ಶುರುವಾಗಿರುವುದು ತುಕ್ಕು ಉಜ್ಜುವ ಕೆಲಸ. ಆ ಜೌಗು ತುಂಬಿ, ಮರಿಗಳು ಅಲ್ಲಿ ಅಡಗಿ ಬದುಕಿದರೆ, ಪ್ರಾಯಕ್ಕೆ ಬಂದು ನದಿ ಹತ್ತಲು ಇನ್ನೂ ಎಂಟೊಂಬತ್ತು ವರ್ಷ ಬೇಕು. ಅಲ್ಲಿಯ ತನಕ ಹಳೆಯ ಮೀನುಗಳು ಹತ್ತುತ್ತಿರಬೇಕು.

ಅಂದ ಹಾಗೆ, ಕಳೆದ ಮಳೆಗಾಲದಲ್ಲಿ ಊರಿಗೆ ಫೋನ್ ಮಾಡಿದಾಗ ತಮ್ಮನನ್ನು ಕೇಳಿದೆ, ಹತ್ತುಮೀನು ಬಂತೇನೋ ಅಂತ. "ಎಲ್ಲಿಯ ಹತ್ತುಮೀನು ಅಣ್ಣ, ಗದ್ದೆಯೆಲ್ಲ ಅಡಿಕೆ ತೋಟ ಆಯ್ತಲ್ಲ, ಹತ್ತೋಕೆ ಜಾಗ ಎಲ್ಲಿದೆ" ಅಂದ. ನಾನು ಇಲ್ಲಿ ಕೂತು ಏನು ಹೇಳಲಿ? ಮೊಟ್ಟೆ ತುಂಬಿದ ಮೀನನ್ನು ಕತ್ತಿಯಲ್ಲಿ ಕಡಿದವರಲ್ಲಿ ನಾನೂ ಒಬ್ಬ.

ನಿಮ್ಮೂರಿನ ಹಳ್ಳದಲ್ಲಿ ಈಗಲೂ ಹತ್ತುತ್ತದೆಯೇ? ಮುಂದಿನ ಸಲ ಊರಿಗೆ ಹೋದಾಗ ಕೇಳಿ ನೋಡಿ. ಬಂತು ಅಂದರೆ ನನಗೂ ಒಂದು ಮಾತು ತಿಳಿಸಿ.